ಜಾರ್ಜಿಯನ್ ಕಾಲದ ಅಪ್ಪ–ಮಗನ ರಾಜಿ: 1720ರ ಏಪ್ರಿಲ್ 23ರಂದು ಯಾರಿಗೆ ಏನು ವಾಪಸ್ ಬಂತು?

ಕಡತಪ್ರಿಯ

ಇಂಗ್ಲೆಂಡಿನ ಮೊದಲನೇ ಜಾರ್ಜ್‌ಗೂ ಅವನ ಮಗ ಪ್ರಿನ್ಸ್ ಆಫ್ ವೇಲ್ಸ್‌ಗೂ (ಮುಂದೆ ಎರಡನೇ ಜಾರ್ಜ್ ಆದವನು) 1717ರ ಕೊನೆಯಲ್ಲಿ ಮಾತು ನಿಂತಿತು, 1720ರಲ್ಲಿ ರಾಜಿಯಾಯಿತು ಎಂದು ಪಠ್ಯಗಳು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ರಾಜಿ ಅಂದರೆ ಏನೇನಾಯಿತು ಎಂಬುದೇ ಅಲ್ಲಿ ಇರುವುದಿಲ್ಲ. ಯಾರು ಯಾರ ಬಾಗಿಲಿಗೆ ಹೋದರು, ನಡುವೆ ನಿಂತವರು ಯಾರು, ಯಾರಿಗೆ ಏನು ಮರಳಿ ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ಬಲ್ಲವರು ಬಿಡಿಸಿ ಬರೆಯಬೇಕು. ಇದೇ ಮನೆತನದಲ್ಲಿ 1742, 1787, 1804ರಲ್ಲೂ ಇಂಥ ರಾಜಿಗಳಾಗಿವೆ. ಅವನ್ನೂ ಪಕ್ಕದಲ್ಲಿಟ್ಟು ನೋಡೋಣ.

ದಿನಚರಿ ಓದುಗ

ಜಗಳದ ಬುಡದಿಂದ ಬರೋಣ. 1717ರ ನವೆಂಬರ್ 2ರಂದು ಯುವರಾಜನ ಹೆಂಡತಿ ಕ್ಯಾರೊಲಿನ್‌ಗೆ ಗಂಡುಮಗು ಹುಟ್ಟಿತು. ಹೆಸರು ಜಾರ್ಜ್ ವಿಲಿಯಂ. 28ರಂದು ಸೇಂಟ್ ಜೇಮ್ಸ್ ಅರಮನೆಯಲ್ಲಿ ನಾಮಕರಣ. ಮಗುವಿನ ಗಾಡ್‌ಫಾದರ್ (ನಾಮಕರಣದಲ್ಲಿ ಮಗುವಿನ ಹೊಣೆ ಹೊರುವ ಧರ್ಮಪಿತ) ಆಗಿ ತನ್ನ ಚಿಕ್ಕಪ್ಪ, ಡ್ಯೂಕ್ ಆಫ್ ಯಾರ್ಕ್ ಅರ್ನ್ಸ್ಟ್ ಆಗಸ್ಟ್ ನಿಲ್ಲಬೇಕು ಎಂಬುದು ಯುವರಾಜನ ಆಸೆ. ರಾಜ ಅದನ್ನು ಒಪ್ಪದೆ ಆಸ್ಥಾನದ ಲಾರ್ಡ್ ಚೇಂಬರ್ಲಿನ್ ಆಗಿದ್ದ ಡ್ಯೂಕ್ ಆಫ್ ನ್ಯೂಕಾಸಲ್‌ನನ್ನು ನಿಲ್ಲಿಸಿದ. ಯುವರಾಜನಿಗೆ ನ್ಯೂಕಾಸಲ್ ಕಂಡರೆ ಆಗುತ್ತಿರಲಿಲ್ಲ.

ಶಾಸ್ತ್ರ ಮುಗಿದು ರಾಜ ಹೊರಗೆ ಹೋದ ಮೇಲೆ ಯುವರಾಜ ನ್ಯೂಕಾಸಲ್‌ನ ಮುಂದೆ ಬಂದು, ನೀನು ದುಷ್ಟ, ನಿನ್ನನ್ನು ನೋಡಿಕೊಳ್ಳುತ್ತೇನೆ ಎಂಬರ್ಥದ ಮಾತಾಡಿದ. ಅವನ ಇಂಗ್ಲಿಷ್ ಉಚ್ಚಾರ ಗಟ್ಟಿ ಜರ್ಮನ್. ಯುವರಾಜ ತಾನು ಹೇಳಿದ್ದು ‘ಫೈಂಡ್’ ಎಂದ, ನ್ಯೂಕಾಸಲ್ ಕೇಳಿಸಿಕೊಂಡದ್ದು ‘ಫೈಟ್’ ಎಂದು. ಅದು ದ್ವಂದ್ವಯುದ್ಧದ ಸವಾಲು ಎಂದು ದೂರು ರಾಜನಿಗೆ ಹೋಯಿತು. ವಿಚಾರಿಸಲು ಕೆಂಟ್, ಕಿಂಗ್‌ಸ್ಟನ್, ರಾಕ್ಸ್‌ಬರೋ ಎಂಬ ಮೂವರು ಡ್ಯೂಕ್‌ಗಳನ್ನು ಕಳಿಸಲಾಯಿತು. ಯುವರಾಜ ತನ್ನ ಮಾತಿಗೇ ನಿಂತ. ಮೊದಲು ಅವನನ್ನು ಅವನ ಕೋಣೆಗಳಲ್ಲೇ ಇರಿಸಿದರು, ಆಮೇಲೆ ಅರಮನೆಯಿಂದ ಹೊರಡು ಎಂಬ ಆಜ್ಞೆ ಬಂತು.

ಆಜ್ಞೆಯ ಒಳಗಿನ ಷರತ್ತನ್ನು ಗಮನಿಸಿ. ಮಕ್ಕಳು ಅರಮನೆಯಲ್ಲೇ ಉಳಿಯಬೇಕು. ಆನ್‌ಗೆ 8 ವರ್ಷ, ಅಮೀಲಿಯಾಗೆ 6, ಪುಟ್ಟ ಕ್ಯಾರೊಲಿನ್‌ಗೆ 4, ಕೂಸು ಹುಟ್ಟಿ ಇನ್ನೂ ತಿಂಗಳು. ತಾಯಿ ಬೇಕಾದರೆ ಮಕ್ಕಳ ಜೊತೆ ಇರಬಹುದು, ಗಂಡನ ಜೊತೆ ಹೋದರೆ ಮಕ್ಕಳಿಲ್ಲ. ಕ್ಯಾರೊಲಿನ್ ಗಂಡನ ಜೊತೆ ಹೊರಟಳು. ಮೊದಲು ಲಾರ್ಡ್ ಗ್ರ್ಯಾಂಥಮ್ ಮನೆ, 1718ರ ಆರಂಭದಿಂದ ಲೆಸ್ಟರ್ ಫೀಲ್ಡ್ಸ್‌ನ ಲೆಸ್ಟರ್ ಹೌಸ್.

ತುಂಗಾತೀರ

ಒಂದು ಎಚ್ಚರಿಕೆ, ಮುಂದೆ ತಾರೀಖುಗಳು ಕಲಸಿಹೋಗದಿರಲಿ ಎಂದು. ಇಂಗ್ಲೆಂಡ್ 1752ರ ಸೆಪ್ಟೆಂಬರ್‌ವರೆಗೆ ಜೂಲಿಯನ್ ಪಂಚಾಂಗದಲ್ಲಿತ್ತು. ಈ ರಾಜಮನೆತನದ ಜರ್ಮನ್ ತವರುನಾಡಾದ ಹ್ಯಾನೋವರ್ 1700ರಲ್ಲೇ ಹೊಸ ಪಂಚಾಂಗಕ್ಕೆ ಬಂದಿತ್ತು. 18ನೇ ಶತಮಾನದಲ್ಲಿ ಎರಡಕ್ಕೂ 11 ದಿನದ ಅಂತರ. ಹಾಗಾಗಿ ಅದೇ ಕೂಸು ಹುಟ್ಟಿದ್ದು ಕೆಲವೆಡೆ ನವೆಂಬರ್ 2, ಕೆಲವೆಡೆ ನವೆಂಬರ್ 13 ಎಂದಿರುತ್ತದೆ. ಎರಡೂ ಸರಿ.

ಅದಕ್ಕಿಂತ ಹೆಚ್ಚು ಜನ ಎಡವುವುದು ವರ್ಷದಲ್ಲಿ. ಇಂಗ್ಲೆಂಡಿನ ಕಾನೂನು ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ನಮ್ಮ ಲೆಕ್ಕದ 1718ರ ಜನವರಿ ಅವರ ಕಡತದಲ್ಲಿ 1717ರ ಜನವರಿ. ಇದನ್ನು ಮರೆತವರು, ಮಕ್ಕಳು ಯಾರ ಹಕ್ಕು ಎಂಬ ಬಗ್ಗೆ ಆ ಜನವರಿಯಲ್ಲಿ ಬಂದ ನ್ಯಾಯಾಧೀಶರ ಅಭಿಪ್ರಾಯವನ್ನು ನಾಮಕರಣಕ್ಕಿಂತ ಹತ್ತು ತಿಂಗಳು ಹಿಂದೆ ಇಟ್ಟುಬಿಡುತ್ತಾರೆ, ಕಥೆಯೇ ತಲೆಕೆಳಗಾಗುತ್ತದೆ. ಇಲ್ಲಿ ಎಲ್ಲರೂ 1752ರವರೆಗಿನ ದಿನಾಂಕವನ್ನು ಇಂಗ್ಲೆಂಡಿನ ಹಳೆಯ ಲೆಕ್ಕದಲ್ಲೂ ವರ್ಷವನ್ನು ಜನವರಿಯಿಂದಲೂ ಬರೆಯೋಣ.

ಕಾನೂನು ಕಟ್ಟೆ

ಆ ನ್ಯಾಯಾಧೀಶರ ಅಭಿಪ್ರಾಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ 1720ರ ರಾಜಿ ತಡವರಿಸಿದ್ದು ಇದೇ ಕಲ್ಲಿಗೆ. 1718ರ ಜನವರಿಯಲ್ಲಿ ರಾಜ 12 ನ್ಯಾಯಾಧೀಶರ ಮುಂದೆ ಒಂದು ಪ್ರಶ್ನೆ ಇಟ್ಟ: ಮೊಮ್ಮಕ್ಕಳ ಶಿಕ್ಷಣ, ಪಾಲನೆ, ಮದುವೆಯ ಒಪ್ಪಿಗೆ ಯಾರ ಹಕ್ಕು? ಹೆತ್ತ ಅಪ್ಪನದೋ, ಸಿಂಹಾಸನದಲ್ಲಿರುವ ಅಜ್ಜನದೋ? 10 ಮಂದಿ ರಾಜನ ಪರ, 2 ಮಂದಿ ಅಪ್ಪನ ಪರ.

ಜಗಳದಿಂದ ಹುಟ್ಟಿದ ಆಜ್ಞೆಯಾದರೆ ಜಗಳ ಮುಗಿದಾಗ ತಾನೇ ಬಿದ್ದುಹೋಗುತ್ತದೆ. ಇದು ಹಾಗಲ್ಲ. ಸಿಟ್ಟಿನಲ್ಲಿ ತೆಗೆದುಕೊಂಡ ಕ್ರಮಕ್ಕೆ ರಾಜ ಶಾಶ್ವತ ಹಕ್ಕಿನ ಮುದ್ರೆ ಒತ್ತಿಸಿಕೊಂಡ. ಆಮೇಲೆ ಮಗ ಎಷ್ಟು ಬಗ್ಗಿ ಕ್ಷಮೆ ಕೇಳಿದರೂ ಮಕ್ಕಳನ್ನು ಕೊಡಲೇಬೇಕು ಎಂಬ ಕಟ್ಟುಪಾಡು ಇರಲಿಲ್ಲ. ಐವತ್ತು ವರ್ಷದ ಮೇಲೆ ಬಂದ 1772ರ ರಾಜವಂಶದ ವಿವಾಹ ಕಾಯ್ದೆಯ ಹಿಂದೆಯೂ ಈ ಹಕ್ಕಿನ ನೆರಳಿದೆ.

ದಿನಚರಿ ಓದುಗ

ಆ ಅಭಿಪ್ರಾಯ ಬಂದ ಕೆಲವೇ ವಾರದಲ್ಲಿ ಕೂಸು ಹಾಸಿಗೆ ಹಿಡಿಯಿತು. ಕೆನ್ಸಿಂಗ್ಟನ್ ಅರಮನೆಗೆ ಸಾಗಿಸಿದರು. ಆಗ ಮಾತ್ರ ತಂದೆತಾಯಿಗೆ ಬರಲು ಅನುಮತಿ ಸಿಕ್ಕಿತು. ಫೆಬ್ರವರಿ 6ರಂದು ಮೂರು ತಿಂಗಳ ಮಗು ತೀರಿಕೊಂಡಿತು. ಶವಪರೀಕ್ಷೆಯಲ್ಲಿ ಹೃದಯದಲ್ಲಿ ಗಡ್ಡೆ ಕಂಡಿತು, ಅಂದರೆ ತಾಯಿಯನ್ನು ಅಗಲಿಸಿದ್ದರಿಂದಲೇ ಹೋಯಿತು ಎನ್ನಲಾಗದು. ಆದರೂ ಲಂಡನ್ನಿನ ಜನ ಹಾಗೆಯೇ ಆಡಿಕೊಂಡರು. ಈ ಸಾವನ್ನು ಬಿಟ್ಟು 1720ರ ರಾಜಿಯನ್ನು ಓದಬಾರದು. ಕ್ಯಾರೊಲಿನ್ ಮಾತುಕತೆಗೆ ಕೂತಾಗ ಅವಳ ಮನಸ್ಸಿನಲ್ಲಿದ್ದದ್ದು ಉಳಿದ ಮೂರು ಹೆಣ್ಣುಮಕ್ಕಳು.

ಬೊಕ್ಕಸ

ಈಗ ಹಣದ ಕಡೆ. ಮೊದಲನೇ ಜಾರ್ಜ್‌ನ ಸಿವಿಲ್ ಲಿಸ್ಟ್, ಅಂದರೆ ಅರಮನೆ ಮತ್ತು ಆಡಳಿತದ ಖರ್ಚಿಗೆ ಪಾರ್ಲಿಮೆಂಟ್ ಕೊಡುತ್ತಿದ್ದ ವಾರ್ಷಿಕ ಮೊತ್ತ, 7,00,000 ಪೌಂಡ್. ಅದರಲ್ಲಿ 1,00,000 ಯುವರಾಜನಿಗೆ ಎಂದು ಪಾರ್ಲಿಮೆಂಟೇ ಗೊತ್ತುಮಾಡಿತ್ತು. ಹೀಗಾಗಿ ಅಪ್ಪ ಮಗನನ್ನು ಮನೆಯಿಂದ ಹಾಕಬಲ್ಲ, ಊಟಕ್ಕೆ ಕಲ್ಲು ಹಾಕಲಾರ. ಲೆಸ್ಟರ್ ಹೌಸ್ ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರತ್ಯೇಕ ಆಸ್ಥಾನವಾಗಿ ನಡೆದದ್ದು ಈ ಹಣದ ಬಲದಿಂದ.

ಹಾಗಾದರೆ ರಾಜ ಹೇಗೆ ಒತ್ತಡ ಹೇರಿದ? ಮರ್ಯಾದೆಯ ಮೂಲಕ. ಕಾವಲುಪಡೆಯನ್ನು ಹಿಂದಕ್ಕೆ ಕರೆಸಿಕೊಂಡ. ಯುವರಾಜನ ಮನೆಗೆ ಹೋದವರಿಗೆ ತನ್ನ ಆಸ್ಥಾನದಲ್ಲಿ ಪ್ರವೇಶವಿಲ್ಲ ಎಂದು ಸಾರಿಸಿದ. ವಿದೇಶಿ ರಾಯಭಾರಿಗಳಿಗೂ ಅದೇ ಸೂಚನೆ. ಎರಡೂ ಕಡೆ ನೌಕರಿ ಇದ್ದವರು ಒಂದನ್ನು ಬಿಡಬೇಕಾಯಿತು. ಯುವರಾಜ 1715ರಿಂದ ಸೌತ್ ಸೀ ಎಂಬ ವ್ಯಾಪಾರಿ ಕಂಪನಿಯ ಗವರ್ನರ್ ಆಗಿದ್ದ, 1718ರಲ್ಲಿ ಆ ಕುರ್ಚಿಗೆ ರಾಜನೇ ಬಂದು ಕೂತ.

ಕಡತಪ್ರಿಯ

ಕುತ್ತಿಗೆಗೆ ಹಗ್ಗ ಬೀಳದಿದ್ದ ಮೇಲೆ ಯುವರಾಜ ರಾಜಿಗೆ ಬಂದದ್ದೇಕೆ? ಮತ್ತು ರಾಜನಿಗಾದರೂ ಏನು ಅವಸರ?

ಬೊಕ್ಕಸ

ಇಬ್ಬರಿಗಿಂತ ಮಂತ್ರಿಗಳಿಗೆ ಅವಸರವಿತ್ತು. 1717ರ ಏಪ್ರಿಲ್‌ನಲ್ಲಿ ಆಳುತ್ತಿದ್ದ ವಿಗ್ ಪಕ್ಷ ಒಡೆದು ಟೌನ್ಸೆಂಡ್, ವಾಲ್‌ಪೋಲ್ ಎಂಬ ಮಂತ್ರಿಗಳು ಹೊರಬಂದಿದ್ದರು. ಸರ್ಕಾರ ಸ್ಟ್ಯಾನ್‌ಹೋಪ್, ಸಂಡರ್‌ಲೆಂಡ್ ಕೈಯಲ್ಲಿತ್ತು. ಹೊರಬಂದವರಿಗೆ ಲೆಸ್ಟರ್ ಹೌಸ್ ನೆಲೆಯಾಯಿತು. 1719ರಲ್ಲಿ ಸರ್ಕಾರ ಹೊಸ ಲಾರ್ಡ್‌ಗಳ ನೇಮಕಕ್ಕೆ ಮಿತಿ ಹಾಕುವ ಮಸೂದೆ ತಂದಿತು. ಅದರ ಪೆಟ್ಟು ಬೀಳುತ್ತಿದ್ದದ್ದು ಮುಂದಿನ ರಾಜನಿಗೆ, ಅಂದರೆ ಈ ಯುವರಾಜನಿಗೆ: ಪಟ್ಟಕ್ಕೆ ಬಂದರೂ ತನ್ನವರನ್ನು ಮೇಲ್ಮನೆಗೆ ತುಂಬಲಾಗದಂತೆ ಕಟ್ಟಿಹಾಕುವ ಉಪಾಯ. ಡಿಸೆಂಬರ್ 8ರಂದು ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆ ಅದನ್ನು 269ಕ್ಕೆ 177 ಮತಗಳಿಂದ ತಳ್ಳಿಹಾಕಿತು. ಮುಂದಾಳು ವಾಲ್‌ಪೋಲ್. ಅವನನ್ನು ಹೊರಗಿಟ್ಟು ಕಾಮನ್ಸ್ ನಡೆಸುವುದು ಕಷ್ಟ ಎಂದು ಅವತ್ತೇ ಗೊತ್ತಾಯಿತು.

ಇನ್ನೊಂದು ಕಡೆ ಸಿವಿಲ್ ಲಿಸ್ಟ್ ಮೇಲೆ 6,00,000 ಪೌಂಡ್ ಸಾಲ ಕೂತಿತ್ತು. ಇದನ್ನು ತೀರಿಸಲು ದೊರೆತ ದಾರಿ ಹೀಗೆ. ರಾಯಲ್ ಎಕ್ಸ್‌ಚೇಂಜ್, ಲಂಡನ್ ಎಂಬ ಎರಡು ವಿಮಾ ಕಂಪನಿಗಳು ಸನ್ನದು ಬೇಡುತ್ತಿದ್ದವು. ಒಂದೊಂದೂ 3,00,000 ಕೊಡಲಿ, ಸನ್ನದು ಪಡೆಯಲಿ. ಪಾರ್ಲಿಮೆಂಟ್ ಒಪ್ಪಬೇಕು, ಒಪ್ಪಿಸಲು ವಾಲ್‌ಪೋಲ್ ಕಡೆಯವರ ಮತ ಬೇಕು. ಅವರು ಬರಬೇಕಾದರೆ ಯುವರಾಜನನ್ನು ಬೀದಿಯಲ್ಲಿ ಬಿಟ್ಟು ಬರಲಾಗದು, ಕೈಹಿಡಿದು ಜೊತೆಗೆ ಕರೆತರಬೇಕು. ಏಪ್ರಿಲ್‌ನಲ್ಲಿ ಅಪ್ಪಮಗನ ಭೇಟಿ, ಮೇ ತಿಂಗಳಲ್ಲಿ ಸಾಲದ ವಿಷಯ ಕಾಮನ್ಸ್ ಮುಂದೆ, ಜೂನ್‌ನಲ್ಲಿ ಕಾಯ್ದೆ. ಅದೇ ಜೂನ್‌ನಲ್ಲಿ ವಾಲ್‌ಪೋಲ್ ಸೇನೆಯ ಪೇಮಾಸ್ಟರ್, ಟೌನ್ಸೆಂಡ್ ರಾಜನ ಸಲಹಾಮಂಡಳಿಯಾದ ಪ್ರಿವಿ ಕೌನ್ಸಿಲ್ ಅಧ್ಯಕ್ಷ. ಸೌತ್ ಸೀ ಷೇರು ಕುಸಿದಾಗ ಕಂಪನಿಗಳು ಪೂರ್ತಿ ಹಣ ಕೊಡಲಾಗದೆ ಉಳಿದದ್ದನ್ನು ಮನ್ನಾ ಮಾಡಬೇಕಾಯಿತು. ಅದು ಬೇರೆ ಕಥೆ.

ನನ್ನ ಮಟ್ಟಿಗೆ 1720ರದ್ದು ಎರಡು ರಾಜಿಗಳು: ವಿಗ್ ಪಕ್ಷದ ಎರಡು ಬಣಗಳದ್ದು ಒಂದು, ಮನೆಯದ್ದು ಇನ್ನೊಂದು. ಮೊದಲನೆಯದು ಗಟ್ಟಿಯಾಗಿ ನಿಂತಿತು.

ದಿನಚರಿ ಓದುಗ

ಬೊಕ್ಕಸ ಅವರ ಲೆಕ್ಕ ಸರಿ. ಆದರೆ ಆ ದಿನವನ್ನು ಹತ್ತಿರದಿಂದ ನೋಡೋಣ, ನೋಡಲು ಸಾಕ್ಷಿಯಿದೆ. ಕ್ಯಾರೊಲಿನ್‌ಳ ಸಖಿಯಾಗಿದ್ದ ಲೇಡಿ ಕೌಪರ್ ದಿನಚರಿ ಬರೆದಿಟ್ಟಳು. ಅವಳ ಗಂಡ ಹಿಂದೆ ಲಾರ್ಡ್ ಚಾನ್ಸಲರ್ ಆಗಿದ್ದವನು. ವಾಲ್‌ಪೋಲ್ ತಮ್ಮನ್ನೆಲ್ಲ ಪಕ್ಕಕ್ಕೆ ಸರಿಸಿ ಯುವರಾಣಿಯೊಡನೆ ತಾನೊಬ್ಬನೇ ಮಾತು ಮುಗಿಸಿದ ಎಂಬ ನೋವು ಅವಳ ಬರಹದುದ್ದಕ್ಕೂ ಇದೆ. ಆ ನೋವನ್ನು ಲೆಕ್ಕಕ್ಕಿಟ್ಟುಕೊಂಡು ಓದಬೇಕು. ಆದರೆ ಕಣ್ಣಾರೆ ಕಂಡ, ಅದೇ ದಿನ ಕೇಳಿದ ವಿವರಗಳಲ್ಲಿ ಅವಳನ್ನು ಮೀರಿಸುವ ಸಾಕ್ಷಿ ಇಲ್ಲ.

ಏಪ್ರಿಲ್ 23, ಶನಿವಾರ, ಸೇಂಟ್ ಜಾರ್ಜ್ ಹಬ್ಬ. ಮೊದಲು ಯುವರಾಜನಿಂದ ಶರಣಾಗತಿಯ ಪತ್ರ ರಾಜನಿಗೆ ಹೋಯಿತು. ಒಪ್ಪಿಗೆಯ ಉತ್ತರ ಬಂದ ಮೇಲೆ ಯುವರಾಜ ಮೇಣೆಯಲ್ಲಿ ಕೂತು ಸೇಂಟ್ ಜೇಮ್ಸ್‌ಗೆ ಹೋದ. ಭೇಟಿ ನಡೆದದ್ದು ದರ್ಬಾರಿನಲ್ಲಲ್ಲ, ರಾಜನ ಆಪ್ತಕೋಣೆಯಲ್ಲಿ. ಇಷ್ಟು ದಿನ ತಮ್ಮ ಅಸಮಾಧಾನಕ್ಕೆ ಗುರಿಯಾಗಿದ್ದದ್ದು ದೊಡ್ಡ ದುಃಖ, ಭೇಟಿಗೆ ಅನುಮತಿ ಕೊಟ್ಟದ್ದಕ್ಕೆ ಋಣಿ, ಇನ್ನು ಮುಂದೆ ದೂರಲು ಕಾರಣ ಕೊಡುವುದಿಲ್ಲ ಎಂದು ಮಗ ಚಿಕ್ಕದಾಗಿ ಹೇಳಿದ. ರಾಜನ ಮುಖ ಬಿಳಿಚಿಕೊಂಡಿತ್ತು. ಮಾತು ತುಂಡು ತುಂಡಾಗಿ ಬರುತ್ತಿತ್ತು. ಫ್ರೆಂಚ್‌ನಲ್ಲಿ ‘ವೋತ್ರ್ ಕೊಂದ್ವೀತ್, ವೋತ್ರ್ ಕೊಂದ್ವೀತ್’ (ನಿನ್ನ ನಡತೆ, ನಿನ್ನ ನಡತೆ) ಎಂದು ಮತ್ತೆ ಮತ್ತೆ ಅಂದ. ಅದರ ಹೊರತು ಬೇರೇನೂ ಸ್ಪಷ್ಟವಾಗಿ ಕೇಳಿಸಲಿಲ್ಲ ಎಂದು ಯುವರಾಜ ಆಮೇಲೆ ಹೇಳಿದ. ಒಟ್ಟು ಐದು ನಿಮಿಷ.

ಹೋಗುವಾಗ ಕಾವಲಿಲ್ಲದೆ ಹೋದ ಮೇಣೆ ಬರುವಾಗ ಸುತ್ತಲೂ ಅರಮನೆಯ ಬೀಫ್‌ಈಟರ್ ಭಟರನ್ನು ಕರೆದುಕೊಂಡು ಬಂತು. ಬೀದಿಯಲ್ಲಿ ಕೂಗು, ಜೈಕಾರ. ಮಾತಿಗಿಂತ ಮೊದಲು ಊರಿಗೆ ಸುದ್ದಿ ಮುಟ್ಟಿಸಿದ್ದು ಆ ಭಟರ ಕೆಂಪಂಗಿ.

ಮರುದಿನ ಭಾನುವಾರ ಎರಡೂ ಆಸ್ಥಾನದವರು ಸೇಂಟ್ ಜೇಮ್ಸ್‌ನಲ್ಲಿ ಸೇರಿದರು. ಯುವರಾಜನ ಕಡೆಯವರ ಮುಖದಲ್ಲಿ ಗೆಲುವು, ರಾಜನ ಕಡೆಯವರ ಮುಖ ಬಿಗಿ. ಎದುರುಬದುರು ನಿಂತ ಎರಡು ಸೇನೆಗಳಂತೆ ಕಂಡರು ಎಂದು ಲೇಡಿ ಕೌಪರ್ ಬರೆಯುತ್ತಾಳೆ.

ಚಿತ್ರಪಟ

ಐದು ನಿಮಿಷ ಎಂಬುದನ್ನು ರಾಜಕೀಯ ನಾಟಕದ ಗುರುತಾಗಿ ಓದುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಾಟಕವಾಗಿದ್ದರೆ ರಾಜನಿಗೆ ಬಾಯಿಪಾಠದ ಮಾತು ಸಿಗುತ್ತಿತ್ತು. ಬಿಳಿಚಿದ ಮುಖ, ಕಟ್ಟಿದ ಗಂಟಲು ಇದ್ದವನು ಒಳಗೊಳಗೆ ಬೇಯುತ್ತಿದ್ದ ಅಪ್ಪ. ಈ ಇಬ್ಬರ ನಡುವೆ ಹ್ಯಾನೋವರ್‌ನ ಹಳೆಯ ಗಾಯವೂ ಇದೆ. ಮಗನ ತಾಯಿ ಸೋಫಿಯಾ ಡೊರೊಥಿಯಾಗೆ 1694ರಲ್ಲಿ ವಿಚ್ಛೇದನ ಕೊಟ್ಟು ಆಲ್ಡನ್ ಕೋಟೆಯಲ್ಲಿಟ್ಟವನು ಇದೇ ಅಪ್ಪ. ಆಗ ಮಗನಿಗೆ 11 ವರ್ಷ. 1720ರಲ್ಲಿ ಅವಳು ಇನ್ನೂ ಆಲ್ಡನ್‌ನಲ್ಲೇ ಸೆರೆಯಲ್ಲಿದ್ದಳು, ತೀರಿಕೊಂಡದ್ದು 1726ರಲ್ಲಿ. ತಂದೆತಾಯಿಯ ಜೊತೆ ರಾಜಿ ಎಂದು ಹೇಳುವಾಗ ಈ ಪ್ರಕರಣದಲ್ಲಿ ‘ತಾಯಿ’ ಎಂಬ ಪದ ಬರುವ ಹಾಗೇ ಇಲ್ಲ. ರಾಜಿಯ ಷರತ್ತುಗಳಲ್ಲಿ ಅವಳ ಹೆಸರೂ ಇಲ್ಲ.

ಬೊಕ್ಕಸ

ಚಿತ್ರಪಟ ಅವರೇ, ಒಪ್ಪುತ್ತೇನೆ, ಆದರೆ ಅರ್ಧ. ಭಾವನೆ ನಿಜವಾಗಿತ್ತು ಎಂಬುದೇ ರಾಜಿ ನಿಲ್ಲದಿರಲು ಕಾರಣವೂ ಆಯಿತು. ಜೂನ್‌ನಲ್ಲಿ ರಾಜ ಹ್ಯಾನೋವರ್‌ಗೆ ಹೊರಟ. 1716ರಲ್ಲಿ ಹೊರಟಾಗ ಮಗನನ್ನು ರಾಜ್ಯದ ರಕ್ಷಕನಾಗಿ ನೇಮಿಸಿದ್ದ. ಈ ಸಲ ಲಾರ್ಡ್ಸ್ ಜಸ್ಟಿಸಸ್ ಎಂಬ ಮಂತ್ರಿಗಳ ಮಂಡಳಿಗೆ ಆಡಳಿತ ಒಪ್ಪಿಸಿದ. ಬದುಕಿರುವವರೆಗೂ ಮತ್ತೆ ಮಗನ ಕೈಗೆ ರಾಜ್ಯ ಕೊಡಲೇ ಇಲ್ಲ. ಯುವರಾಜನೂ ಸೇಂಟ್ ಜೇಮ್ಸ್‌ಗೆ ವಾಪಸ್ ಬರಲಿಲ್ಲ, ಲೆಸ್ಟರ್ ಹೌಸ್‌ನಲ್ಲೇ ಉಳಿದ.

ಕಾನೂನು ಕಟ್ಟೆ

ಹಾಗಾದರೆ ಒಂದು ರಾಜಿ ಎಷ್ಟು ಗಟ್ಟಿ ಎಂದು ತೂಗಲು ನಾನು ನೋಡುವುದು ನಾಲ್ಕನ್ನು: ಕಾವಲು, ಹಣ, ಮಕ್ಕಳು, ಅಧಿಕಾರ. 1720ರಲ್ಲಿ ಕಾವಲು ಬಂತು. ಹಣ ಹೋಗಿಯೇ ಇರಲಿಲ್ಲ. ಮಕ್ಕಳೂ ಅಧಿಕಾರವೂ ಬರಲಿಲ್ಲ. ಬೇರೆ ರಾಜಿಗಳನ್ನೂ ಇದೇ ತಕ್ಕಡಿಯಲ್ಲಿಟ್ಟರೆ ಹೋಲಿಕೆ ಸುಲಭವಾಗುತ್ತದೆ.

ತುಂಗಾತೀರ

1742ರದ್ದನ್ನು ನಾನು ಇಡುತ್ತೇನೆ. ಈಗ ಅಪ್ಪ ಎರಡನೇ ಜಾರ್ಜ್, ಮಗ ಫ್ರೆಡರಿಕ್. 1714ರಲ್ಲಿ ತಂದೆತಾಯಿ ಇಂಗ್ಲೆಂಡಿಗೆ ಹೊರಟಾಗ 7 ವರ್ಷದ ಫ್ರೆಡರಿಕ್‌ನನ್ನು ಹ್ಯಾನೋವರ್‌ನಲ್ಲೇ ಬಿಟ್ಟಿದ್ದರು. ಅವನು ಲಂಡನ್‌ಗೆ ಬಂದದ್ದು 1728ರ ಡಿಸೆಂಬರ್‌ನಲ್ಲಿ, 21ನೇ ವಯಸ್ಸಿಗೆ. ಹದಿನಾಲ್ಕು ವರ್ಷ ಮುಖ ನೋಡದ ಮಗ ಬಂದು ನಿಂತರೆ ಮನೆ ಜಗಳ ಎನ್ನುವುದಕ್ಕೂ ಮನೆ ಎಂಬುದಿರಲಿಲ್ಲ.

ಇಲ್ಲಿ ಹಣದ ಗಂಟು ತಿರುಗುಮುರುಗು. ಎರಡನೇ ಜಾರ್ಜ್‌ಗೆ ಸಿವಿಲ್ ಲಿಸ್ಟ್ 8,00,000. ಅದರಲ್ಲಿ ಯುವರಾಜನಿಗೆ ಎಷ್ಟು ಎಂಬುದು ಅಪ್ಪನ ಇಷ್ಟ. ತಾನು ಯುವರಾಜನಾಗಿದ್ದಾಗ 1,00,000 ಪಡೆದವನು ಮಗನಿಗೆ ಮದುವೆಯ ನಂತರವೂ ಕೊಟ್ಟದ್ದು 50,000. 1737ರ ಫೆಬ್ರವರಿಯಲ್ಲಿ ಫ್ರೆಡರಿಕ್‌ನ ಬೆಂಬಲಿಗರು ಇದನ್ನು ಕಾಮನ್ಸ್‌ಗೆ ಒಯ್ದರು. 204 ಪರ, 234 ವಿರುದ್ಧ. 30 ಮತದಲ್ಲಿ ಸೋತರು. ಮೇಲ್ಮನೆಯಾದ ಲಾರ್ಡ್ಸ್‌ನಲ್ಲಿ 40 ಪರ, 103 ವಿರುದ್ಧ.

ಜುಲೈ 31ರ ರಾತ್ರಿ ಹೆರಿಗೆ ನೋವು ಶುರುವಾಗಿದ್ದ ಹೆಂಡತಿ ಆಗಸ್ಟಾಳನ್ನು ಹ್ಯಾಂಪ್ಟನ್ ಕೋರ್ಟ್ ಅರಮನೆಯಿಂದ ಗಾಡಿಯಲ್ಲಿ ಕೂರಿಸಿಕೊಂಡು, ಅಪ್ಪ ಅಮ್ಮನಿಗೆ ಹೇಳದೆ, ಸೇಂಟ್ ಜೇಮ್ಸ್‌ಗೆ ಓಡಿಸಿದ. ಅಲ್ಲಿ ಏನೂ ಸಿದ್ಧವಿರಲಿಲ್ಲ. ಹಾಸಿಗೆಗೆ ಬಟ್ಟೆ ಸಿಗದೆ ಊಟದ ಮೇಜಿನ ವಸ್ತ್ರ ಹಾಸಿದರು. ತಲುಪಿ ಒಂದು ಗಂಟೆಯೊಳಗೆ ಹೆಣ್ಣುಮಗು. ಸೆಪ್ಟೆಂಬರ್ 10ರ ಪತ್ರದಲ್ಲಿ ಅರಮನೆ ಬಿಡುವ ಆಜ್ಞೆ ಬಂತು. ಗ್ರಾಫ್ಟನ್, ರಿಚ್‌ಮಂಡ್, ಪೆಂಬ್ರೋಕ್ ಎಂಬ ಮೂವರು ಪ್ರಭುಗಳು ಅದನ್ನು ತಂದರು. ಮಕ್ಕಳನ್ನು ಮಾತ್ರ ಈ ಸಲ ಕಿತ್ತುಕೊಳ್ಳಲಿಲ್ಲ. ಕೂಸು ತಾಯಿಯ ಜೊತೆಗೇ ಹೋಯಿತು.

ದಿನಚರಿ ಓದುಗ

ಆ ಆಗಸ್ಟ್‌ನ ಕ್ಷಮಾಪಣೆ ಪತ್ರಗಳು ಕೆಟ್ಟದ್ದು ಹೇಗೆ ಎಂಬುದನ್ನು ಸೇರಿಸುತ್ತೇನೆ. ಫ್ರೆಡರಿಕ್ ಅಪ್ಪನಿಗೂ ಬರೆದ, ಅಮ್ಮನಿಗೂ ಬರೆದ. ಅಪ್ಪನ ಪತ್ರದಲ್ಲಿ ‘ಮಹಾಪ್ರಭು’ ಎಂಬ ಗೌರವ ಕ್ರಮ ತಪ್ಪಲಿಲ್ಲ. ಅಮ್ಮನಿಗೆ ಬರೆಯುವಾಗ ‘ಮಹಾರಾಣಿಯವರು’ ಎನ್ನುವ ಬದಲು ‘ಮದಾಂ’, ‘ವೂ’ ಎಂದು ಬರೆದ. ಬರಿಯ ‘ನೀವು’. ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ: ಸನ್ನಿಧಾನ ಎನ್ನಬೇಕಾದಲ್ಲಿ ನೀವು ಎಂದರೆ ಎದುರಿನವರಿಗೆ ಎಲ್ಲಿ ಚುಚ್ಚುತ್ತದೆ ಎಂದು ನಮಗೆ ಗೊತ್ತು. ತಪ್ಪು ಒಪ್ಪಿಕೊಳ್ಳುವ ಪತ್ರದಲ್ಲಿ ಸಂಬೋಧನೆಯೇ ಮೊದಲ ಪರೀಕ್ಷೆ. 1720ರಲ್ಲಿ ಯುವರಾಜನ ಶಬ್ದಗಳ ಹಿಂದೆ ನುರಿತ ಮಧ್ಯಸ್ಥರಿದ್ದರು, 1737ರಲ್ಲಿ ಫ್ರೆಡರಿಕ್‌ಗೆ ಇರಲಿಲ್ಲ.

ಕ್ಯಾರೊಲಿನ್ ಅದೇ ವರ್ಷ ನವೆಂಬರ್ 20ರಂದು ಹರ್ನಿಯಾದಿಂದ ತೀರಿಕೊಂಡಳು. ಫ್ರೆಡರಿಕ್ ನೋಡಲು ಬರುತ್ತೇನೆಂದು ಹೇಳಿಕಳಿಸಿದ, ರಾಜ ಬಿಡಲಿಲ್ಲ. ತಾಯಿ ಮಗನ ರಾಜಿಗೆ ಅವಕಾಶ ಅಲ್ಲಿಗೆ ಮುಗಿಯಿತು. ತನ್ನ ಹೆಣ್ಣುಮಕ್ಕಳಿಗಾಗಿ ಮಾವನ ಮುಂದೆ ಅಷ್ಟು ಹೆಣಗಿದವಳು ಹೊಟ್ಟೆಯಲ್ಲಿ ಹುಟ್ಟಿದ ಹಿರಿಮಗನಿಗೆ ಬಾಗಿಲು ತೆರೆಯದೆ ಹೋದಳು. ಈ ಮನೆತನದ ಕಥೆಯಲ್ಲಿ ನನಗೆ ಅತಿ ಕಷ್ಟವಾಗುವ ಪುಟ ಇದು.

ತುಂಗಾತೀರ

ಮುಂದಕ್ಕೆ. 1742ರ ಜನವರಿಯಲ್ಲಿ ಕುರ್ಚಿ ಅಲುಗಾಡುತ್ತಿದ್ದ ವಾಲ್‌ಪೋಲ್ ಆಕ್ಸ್‌ಫರ್ಡ್ ಬಿಷಪ್ ಥಾಮಸ್ ಸೆಕರ್ ಮೂಲಕ ಫ್ರೆಡರಿಕ್‌ಗೆ ಹೇಳಿಕಳಿಸಿದ: ವರ್ಷಕ್ಕೆ ಇನ್ನೂ 50,000, ಬದಲಿಗೆ ಅಪ್ಪನಲ್ಲಿ ಕ್ಷಮೆ. ವಾಲ್‌ಪೋಲ್ ಇರುವವರೆಗೆ ಆಗದು ಎಂದ ಫ್ರೆಡರಿಕ್. ಫೆಬ್ರವರಿಯಲ್ಲಿ ವಾಲ್‌ಪೋಲ್ ಬಿದ್ದ. 17ರಂದು ಫ್ರೆಡರಿಕ್ ಆಸ್ಥಾನಕ್ಕೆ ಹೋದ. ರಾಜ ಕೇಳಿದ್ದು ಇಷ್ಟೇ: ಯುವರಾಣಿ ಹೇಗಿದ್ದಾಳೆ? ಚೆನ್ನಾಗಿದ್ದಾಳೆ ಎಂದುಕೊಂಡಿದ್ದೇನೆ. ಕಾವಲು ಬಂತು, 50,000 ಬಂತು, ಮಕ್ಕಳು ಹೋಗಿರಲಿಲ್ಲ. ಅಧಿಕಾರ ಇಲ್ಲ. 1747ರ ಹೊತ್ತಿಗೆ ಫ್ರೆಡರಿಕ್ ಮತ್ತೆ ವಿರೋಧಪಕ್ಷದ ನಾಯಕ. 1751ರ ಮಾರ್ಚ್ 20ರಂದು ಅಪ್ಪನಿಗಿಂತ ಮೊದಲೇ ತೀರಿಹೋದ.

ಅದಾದ ಮೇಲೆ ಎರಡನೇ ಜಾರ್ಜ್ ಸೊಸೆಯ ಮನೆಗೆ ಬಂದು ಮೊಮ್ಮಕ್ಕಳನ್ನು ಕಂಡ. ಅವರನ್ನು ತಾಯಿಯಿಂದ ಬೇರೆ ಮಾಡಲಿಲ್ಲ. ಮೂವತ್ತಮೂರು ವರ್ಷದ ಹಿಂದೆ ತನ್ನ ಮಕ್ಕಳನ್ನು ಕಳಕೊಂಡಿದ್ದವನು ಇದೇ ಜಾರ್ಜ್. ಅದು ಅವನ ಮನಸ್ಸಿನಲ್ಲಿತ್ತೆಂದು ನಾನು ನಂಬುತ್ತೇನೆ.

ಚಿತ್ರಪಟ

1787 ಮತ್ತು 1804ಕ್ಕೆ ಕಡತಕ್ಕಿಂತ ಚಿತ್ರಗಳನ್ನು ನೋಡಿ. ಎರಡಕ್ಕೂ ಜೇಮ್ಸ್ ಗಿಲ್ರೇ ಕೊರೆದ ವ್ಯಂಗ್ಯಚಿತ್ರಗಳಿವೆ.

ಮೂರನೇ ಜಾರ್ಜ್‌ನ ಮಗ, ಮುಂದೆ ನಾಲ್ಕನೇ ಜಾರ್ಜ್ ಆದವನು, 1786ರಲ್ಲಿ ಸಾಲದಲ್ಲಿ ಮುಳುಗಿ ತನ್ನ ಲಂಡನ್ ಮನೆ ಕಾರ್ಲ್‌ಟನ್ ಹೌಸ್ ಮುಚ್ಚಿ, ಕುದುರೆಗಳನ್ನು ಮಾರಿ ಬ್ರೈಟನ್‌ಗೆ ಹೋಗಿದ್ದ. 1787ರ ಏಪ್ರಿಲ್‌ನಲ್ಲಿ ವಿಷಯ ಕಾಮನ್ಸ್‌ಗೆ ಬರುವ ಸೂಚನೆ ಸಿಕ್ಕಿತು. ಸಾಲದ ಹಿಂದೆ ಇನ್ನೊಂದು ಅಪಾಯ: 1785ರ ಡಿಸೆಂಬರ್ 15ರಂದು ಮರಿಯಾ ಫಿಟ್ಸ್‌ಹರ್ಬರ್ಟ್ ಎಂಬ ಕ್ಯಾಥೊಲಿಕ್ ವಿಧವೆಯ ಜೊತೆ ಆಗಿದ್ದ ಗುಟ್ಟಿನ ಮದುವೆ. ಏಪ್ರಿಲ್ 30ರಂದು ಯುವರಾಜನ ಗೆಳೆಯ, ವಿರೋಧಪಕ್ಷದ ನಾಯಕ ಫಾಕ್ಸ್ ಕಾಮನ್ಸ್‌ನಲ್ಲಿ ಎದ್ದುನಿಂತು ಮದುವೆಯೇ ಆಗಿಲ್ಲ ಎಂದ. ಮೇ ತಿಂಗಳಲ್ಲಿ ಒಪ್ಪಂದ: ಸಾಲಕ್ಕೆ ಪಾರ್ಲಿಮೆಂಟ್‌ನಿಂದ 1,61,000 ಪೌಂಡ್, ಕಾರ್ಲ್‌ಟನ್ ಹೌಸ್ ಕಟ್ಟಡಕ್ಕೆ ಬೇರೆ ಹಣ, ರಾಜನಿಂದ ವರ್ಷಕ್ಕೆ 10,000 ಹೆಚ್ಚು. ಯುವರಾಜ ತಂದೆತಾಯಿಯನ್ನು ಕಂಡ.

ಮೇ 29ರ ಗಿಲ್ರೇ ಚಿತ್ರದಲ್ಲಿ ಖಜಾನೆಯ ಬಾಗಿಲ ಮುಂದೆ ರಾಜ, ರಾಣಿ, ಯುವರಾಜ ಒಂದು ದೊಡ್ಡ ಬೋಗುಣಿಯ ಸುತ್ತ ಕೂತಿದ್ದಾರೆ. ಬೋಗುಣಿ ತುಂಬ ಗಿನಿ ನಾಣ್ಯ, ಹೊರಗೆ ‘ಜಾನ್ ಬುಲ್‌ನ (ಇಂಗ್ಲೆಂಡಿನ ಪ್ರಜೆಯ ಸಂಕೇತ) ರಕ್ತ’ ಎಂಬ ಬರಹ. ಸೌಟಿನಲ್ಲಿ ಎತ್ತಿ ಬಾಯಿಗೆ ಸುರಿದುಕೊಳ್ಳುತ್ತಿದ್ದಾರೆ. ಮೂವರ ಕುತ್ತಿಗೆಗೂ ಹಕ್ಕಿಯ ಗಂಟಲಚೀಲದಂಥ ಚೀಲ. ಅಪ್ಪ ಅಮ್ಮನದು ಉಬ್ಬಿದೆ, ಮಗನದು ಜೋತುಬಿದ್ದಿದೆ. ಆ ವರ್ಷ ಲಂಡನ್‌ನಲ್ಲಿ ಗಳಗಂಡದ ಮೂವರನ್ನು ಪ್ರದರ್ಶನಕ್ಕಿಟ್ಟಿದ್ದರು, ಉಪಮೆ ಅಲ್ಲಿಂದ ಬಂದದ್ದು. ಕುಟುಂಬ ಒಂದಾದ ಖರ್ಚು ಪ್ರಜೆಯ ಮೇಲೆ ಬಿತ್ತು ಎಂಬ ಮಾತನ್ನು ಇಷ್ಟು ನೇರವಾಗಿ ಹೇಳಿದ ದಾಖಲೆ ಇನ್ನೊಂದಿಲ್ಲ.

1804ರದ್ದು ಬೇರೆ ಧಾಟಿ. ಸೇನೆಯಲ್ಲಿ ಕರ್ನಲ್‌ಗಿಂತ ಮೇಲಿನ ಹುದ್ದೆ ಕೊಡಲಿಲ್ಲ ಎಂಬ ಸಿಟ್ಟಿಗೆ ಯುವರಾಜ ಅಪ್ಪನ ಪತ್ರಗಳು 1803ರ ಡಿಸೆಂಬರ್‌ನಲ್ಲಿ ಪತ್ರಿಕೆಯಲ್ಲಿ ಬರುವಂತೆ ಮಾಡಿದ್ದ. ಪ್ರಧಾನಿ ಪಿಟ್ ಮತ್ತು ಯುವರಾಜನ ಆಪ್ತ ಲಾರ್ಡ್ ಮೊಯ್ರಾ ನಡುವೆ ನಿಂತರು. ಈ ಮೊಯ್ರಾನೇ 1813ರಲ್ಲಿ ನಮ್ಮಲ್ಲಿಗೆ ಗವರ್ನರ್ ಜನರಲ್ ಆಗಿ ಬಂದವನು. ಆಗಸ್ಟ್‌ನಲ್ಲಿ ಗೊತ್ತಾಗಿದ್ದ ಭೇಟಿ ಮುರಿದುಬಿತ್ತು, ಏಕೆಂದರೆ ರಾಜ ಅದಕ್ಕೂ ಮೊದಲು ಯುವರಾಜ ದೂರವಿಟ್ಟಿದ್ದ ಅಧಿಕೃತ ಹೆಂಡತಿಯನ್ನು (ಮರಿಯಾ ಅಲ್ಲ) ಕಂಡಿದ್ದ. ಕೊನೆಗೆ ನವೆಂಬರ್ 12ರಂದು ಕ್ಯೂ ಅರಮನೆಯಲ್ಲಿ ಅಪ್ಪಮಗ ಎದುರಾದರು.

ನವೆಂಬರ್ 20ರ ಚಿತ್ರಕ್ಕೆ ಗಿಲ್ರೇ ಆರಿಸಿಕೊಂಡದ್ದು ಬೈಬಲ್ಲಿನ ದಾರಿತಪ್ಪಿದ ಮಗನ ಕಥೆ. ಹರಿದ ಬಟ್ಟೆಯ ಯುವರಾಜನನ್ನು ಅಪ್ಪ ತಬ್ಬಿಕೊಂಡಿದ್ದಾನೆ, ಮಗನ ಜೇಬು ಖಾಲಿಯಾಗಿ ಹೊರಚಾಚಿದೆ, ರಾಣಿ ಬಾಗಿಲಲ್ಲಿ ಕೈಚಾಚಿದ್ದಾಳೆ. ಹಿಂದೆ ಪಿಟ್, ಮೊಯ್ರಾ. ಮಧ್ಯಸ್ಥರನ್ನು ಚಿತ್ರದಿಂದ ಬಿಡದೆ ನಿಲ್ಲಿಸಿದ್ದಾನಲ್ಲ, ಅದು ಸತ್ಯದ ಗೆರೆ.

ಕಾನೂನು ಕಟ್ಟೆ

1804ರ ತಕ್ಕಡಿಯಲ್ಲಿ ಭಾರವಾದದ್ದು ಮತ್ತೆ ಮಗುವೇ. 1796ರಲ್ಲಿ ಹುಟ್ಟಿದ ಯುವರಾಜನ ಮಗಳು ಷಾರ್ಲೆಟ್‌ಳನ್ನು ತನ್ನ ಉಸ್ತುವಾರಿಯಲ್ಲಿ ಬೆಳೆಸಬೇಕು ಎಂಬುದು ಅಜ್ಜ ಮೂರನೇ ಜಾರ್ಜ್‌ನ ಹಟ. ಅಜ್ಜನಿಗೆ ಆ ಹಕ್ಕಿದೆ ಎಂಬ ವಾದಕ್ಕೆ ಹಿಂದೆ ಹೋದರೆ ಸಿಗುವುದು 1718ರ 10–2 ಅಭಿಪ್ರಾಯ. ತಾರೀಖಿನ ಗೊಂದಲದಲ್ಲಿ ಕಳೆದುಹೋಗುವ ಆ ಕಾಗದ 86 ವರ್ಷದ ಮೇಲೂ ಇನ್ನೊಂದು ಕುಟುಂಬದ ಊಟದ ಮೇಜಿಗೆ ಬಂದು ಕೂತಿತು.

ಕಡತಪ್ರಿಯ

ಎಲ್ಲರಿಗೂ ನಮಸ್ಕಾರ, ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತು. ಒಂದು ಉಳಿಯಿತು. 1720ರ ನಂತರ ಆ ಮೂವರು ಹೆಣ್ಣುಮಕ್ಕಳ ಸ್ಥಿತಿ ಏನಾಯಿತು?

ದಿನಚರಿ ಓದುಗ

ರಾಜಿಯ ಹೊತ್ತಿಗೆ ಹಿರಿಯವಳು ಆನ್ ಸಿಡುಬಿನಿಂದ ಮಲಗಿದ್ದಳು. ಭೇಟಿಗೆ ಅನುಮತಿ ಸಿಕ್ಕಿದ್ದರಿಂದ ತಾಯಿ ಹಾಸಿಗೆಯ ಬಳಿ ಬರುವಂತಾಯಿತು. ಆನ್ ಬದುಕಿದಳು, ಮುಖದಲ್ಲಿ ಕಲೆ ಉಳಿಯಿತು. ಆದರೆ ಮೂವರೂ ಅಜ್ಜನ ಅರಮನೆಯಲ್ಲೇ ಉಳಿದರು. ತಂದೆತಾಯಿ ಹೋಗಿ ನೋಡಿಬರಬಹುದಿತ್ತು, ಕರೆದುಕೊಂಡು ಬರುವಂತಿರಲಿಲ್ಲ. 1721ರ ಏಪ್ರಿಲ್‌ನಲ್ಲಿ ಹುಟ್ಟಿದ ತಮ್ಮ ವಿಲಿಯಂ ಮಾತ್ರ ಲೆಸ್ಟರ್ ಹೌಸ್‌ನಲ್ಲಿ ತಾಯಿಯ ಕೈಯಲ್ಲಿ ಬೆಳೆದ.

ಆನ್‌ಳ ಸಿಡುಬನ್ನು ಕಂಡ ಕ್ಯಾರೊಲಿನ್ ಉಳಿದಿಬ್ಬರಿಗೆ ಸಿಡುಬಿನ ಕೀವನ್ನು ತೋಳಿನ ಗೀರಿಗೆ ಹಾಕುವ ಆ ಕಾಲದ ಹೊಸ ಚಿಕಿತ್ಸೆ ಮಾಡಿಸಬೇಕೆಂದಳು. 1721ರ ಆಗಸ್ಟ್‌ನಲ್ಲಿ ನ್ಯೂಗೇಟ್ ಜೈಲಿನ ಆರು ಕೈದಿಗಳ ಮೇಲೆ ಪ್ರಯೋಗ ನಡೆಯಿತು, ಆರೂ ಮಂದಿ ಉಳಿದರು. ಆಮೇಲೆ 1722ರ ಏಪ್ರಿಲ್‌ನಲ್ಲಿ ಅಮೀಲಿಯಾ, ಕ್ಯಾರೊಲಿನ್ ಇಬ್ಬರಿಗೂ ಹಾಕಿಸಿದರು. ಅದಕ್ಕೂ ಅಜ್ಜನ ಒಪ್ಪಿಗೆ ಬೇಕಾಗಿತ್ತು. ರಾಜಿಯಾಗಿ ಎರಡು ವರ್ಷ ಕಳೆದಿತ್ತು.

ಮೊದಲನೇ ಜಾರ್ಜ್ 1727ರ ಜೂನ್ 11ರಂದು ಓಸ್ನಬ್ರೂಕ್‌ನಲ್ಲಿ ತೀರಿಕೊಂಡ. ಮೂರು ದಿನದ ಮೇಲೆ ವಾಲ್‌ಪೋಲ್ ಸುದ್ದಿ ಹಿಡಿದು ರಿಚ್‌ಮಂಡ್‌ಗೆ ಬಂದ. ಮಕ್ಕಳು ತಂದೆತಾಯಿಯ ಮನೆಗೆ ಸೇರಿದ್ದು ಆಗ. ಆನ್‌ಗೆ 17 ವರ್ಷ, ಅಮೀಲಿಯಾಗೆ 16, ಕ್ಯಾರೊಲಿನ್ 14 ತುಂಬಿದ ಹುಡುಗಿ.